ಫೀಲ್ಡ್ ರೆಕಾರ್ಡರ್‌ನಿಂದ ಕ್ಯಾಮೆರಾಕ್ಕೆ ಧ್ವನಿ ರವಾನೆ

ಫೀಲ್ಡ್ ರೆಕಾರ್ಡರ್‌ನಿಂದ ಕ್ಯಾಮೆರಾಕ್ಕೆ ಧ್ವನಿ ರವಾನೆ ಎಂಬುದು ವಿಡಿಯೊ ಚಿತ್ರೀಕರಣದಲ್ಲಿ ಬಳಕೆಯಲ್ಲಿರುವ ಒಂದು ವಿಧಾನ. ಇದರಲ್ಲಿ ಮೈಕ್ ಗ್ರಹಿಸಿದ ಧ್ವನಿಸಂಕೇತವನ್ನು ಮೊದಲು ಕೈಯಲ್ಲಿ ಒಯ್ಯಬಹುದಾದ ರೆಕಾರ್ಡರ್‌ನಲ್ಲಿ ವರ್ಧಿಸಲಾಗುತ್ತದೆ. ಬಳಿಕ ಅದನ್ನು ಕೇಬಲ್ ಮೂಲಕ ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ಕಳುಹಿಸಿ ಚಿತ್ರದೊಂದಿಗೆ ಒಂದೇ ಕಡತದಲ್ಲಿ ದಾಖಲಿಸಲಾಗುತ್ತದೆ. ಚಿತ್ರ ಮತ್ತು ಧ್ವನಿಗಳನ್ನು ಸಂಕಲನದ ವೇಳೆ ಹೊಂದಿಸುವ ಶ್ರಮವನ್ನು ಉಳಿಸುವುದು, ಕ್ಯಾಮೆರಾದ ಸಾಧಾರಣ ಗುಣಮಟ್ಟದ ಧ್ವನಿವರ್ಧಕ ಮಂಡಲಕ್ಕಿಂತ ಉತ್ತಮವಾದ ಧ್ವನಿಯನ್ನು ಪಡೆಯುವುದು ಇದರ ಉದ್ದೇಶ.

ಎರಡು ಉಪಕರಣಗಳ ಸಂಕೇತಮಟ್ಟಗಳು ಪರಸ್ಪರ ಹೊಂದದಿದ್ದರೆ ಈ ಸಂಪರ್ಕವೇ ಹೊಸ ಗದ್ದಲಕ್ಕೆ ಕಾರಣವಾಗುತ್ತದೆ. ಹಿನ್ನೆಲೆಯಲ್ಲಿ ಸುಯ್ಯೆನ್ನುವ ಸದ್ದು, ಗುಂಯ್‌ಗುಡುವಿಕೆ, ಚಟಪಟ ಸದ್ದು ಹಾಗೂ ಒಡೆದ ಧ್ವನಿ ಇವು ಸಾಮಾನ್ಯವಾಗಿ ಎದುರಾಗುವ ದೋಷಗಳು. ಇವುಗಳಲ್ಲಿ ಹೆಚ್ಚಿನವನ್ನು ಉತ್ತಮ ಉಪಕರಣ ಕೊಳ್ಳದೆಯೇ ನಿವಾರಿಸಬಹುದು. ರೆಕಾರ್ಡರ್‌ನಿಂದ ಪ್ರಬಲ ಸಂಕೇತವನ್ನು ಕಳುಹಿಸಿ, ಕ್ಯಾಮೆರಾದ ವರ್ಧನೆಯನ್ನು ಆದಷ್ಟು ಕನಿಷ್ಠ ಮಟ್ಟದಲ್ಲಿಡುವುದು ಇದರ ಮೂಲ ಸೂತ್ರ.

ಹಿನ್ನೆಲೆ

ಫಿಲಂ ಕ್ಯಾಮೆರಾಗಳ ಕಾಲದಲ್ಲಿ ಹೊರಾಂಗಣ ಚಿತ್ರೀಕರಣದ ಧ್ವನಿಯನ್ನು ಸಾಮಾನ್ಯವಾಗಿ ಪ್ರತ್ಯೇಕ ಯಂತ್ರದಲ್ಲಿ ಮುದ್ರಿಸಲಾಗುತ್ತಿತ್ತು. ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್ಕಿ ಸ್ವಿಟ್ಜರ್ಲೆಂಡ್‌ನಲ್ಲಿ 1951ರಲ್ಲಿ ರೂಪಿಸಿದ ನಾಗ್ರಾ ಎಂಬ ಒಯ್ಯಬಹುದಾದ ಟೇಪ್ ರೆಕಾರ್ಡರ್ ಮತ್ತು ಅದರ ನಂತರದ ಮಾದರಿಗಳು ದಶಕಗಳ ಕಾಲ ಚಲನಚಿತ್ರ ಜಗತ್ತಿನಲ್ಲಿ ಬಳಕೆಯಲ್ಲಿದ್ದವು. ಆ ವ್ಯವಸ್ಥೆಯಲ್ಲಿ ಕ್ಯಾಮೆರಾ ಮತ್ತು ರೆಕಾರ್ಡರ್‌ಗಳ ವೇಗ ಹೊಂದಿಕೆಯಾದರೆ ಸಾಕಿತ್ತು. ಧ್ವನಿಯನ್ನು ಕ್ಯಾಮೆರಾದೊಳಗೆ ಸಾಗಿಸುವ ಅಗತ್ಯವಿರಲಿಲ್ಲ.

ಕ್ಯಾಮೆರಾ ಮತ್ತು ಟೇಪ್ ಯಂತ್ರಗಳು ಒಂದೇ ಉಪಕರಣವಾಗಿ ಕೂಡಿದ ಮೇಲೆ, ವಾರ್ತಾ ಚಿತ್ರೀಕರಣದಲ್ಲಿ ಧ್ವನಿತಂತ್ರಜ್ಞರು ಮಿಕ್ಸರ್‌ನಿಂದ ನೇರವಾಗಿ ಕ್ಯಾಮೆರಾಕ್ಕೆ ಧ್ವನಿ ಕಳುಹಿಸುವ ಪದ್ಧತಿ ರೂಢಿಗೆ ಬಂದಿತು. ವೃತ್ತಿಪರ ವಿಡಿಯೊ ಕ್ಯಾಮೆರಾಗಳಲ್ಲಿ ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಇನ್‌ಪುಟ್, ಮೈಕ್ ಮಟ್ಟ ಅಥವಾ ಲೈನ್ ಮಟ್ಟವನ್ನು ಆರಿಸುವ ಸ್ವಿಚ್ ಇವೆಲ್ಲ ಇದ್ದುದರಿಂದ ತೊಡಕುಗಳು ಕಡಿಮೆಯಿದ್ದವು.

2008ರಲ್ಲಿ ಪರಿಸ್ಥಿತಿ ಬದಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಪ್ರಕಟವಾದ ನಿಕಾನ್ ಡಿ90, ವಿಡಿಯೊ ಚಿತ್ರೀಕರಿಸಬಲ್ಲ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ. ಅದರಲ್ಲಿ ಹೊರಗಿನ ಮೈಕ್ ಜೋಡಿಸಲು ಅವಕಾಶವಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಕ್ಯಾನನ್ ಇಒಎಸ್ 5ಡಿ ಮಾರ್ಕ್ 2 ಕ್ಯಾಮೆರಾದಲ್ಲಿ 3.5 ಮಿಲಿಮೀಟರ್ ಮೈಕ್ ಜ್ಯಾಕ್ ಇದ್ದರೂ, ಧ್ವನಿಮಟ್ಟವನ್ನು ಕೈಯಿಂದ ಹೊಂದಿಸುವ ಸೌಲಭ್ಯವಾಗಲೀ ಹೆಡ್‌ಫೋನ್ ಜ್ಯಾಕ್ ಆಗಲೀ ಇರಲಿಲ್ಲ. ಚಿತ್ರದ ಗುಣಮಟ್ಟಕ್ಕಾಗಿ ಈ ಕ್ಯಾಮೆರಾ ಜನಪ್ರಿಯವಾಯಿತು. ಧ್ವನಿಯ ವಿಷಯದಲ್ಲಿ ಅದರ ಮಿತಿಗಳು ಬಳಕೆದಾರರನ್ನು ಕಾಡಿದವು. ಟ್ರ್ಯಾಮೆಲ್ ಹಡ್ಸನ್ 2009ರಲ್ಲಿ ಆರಂಭಿಸಿದ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಸ್ವತಂತ್ರ ತಂತ್ರಾಂಶವು ಈ ಕ್ಯಾಮೆರಾಕ್ಕೆ ಧ್ವನಿಮಾಪಕ ಮತ್ತು ಮಟ್ಟ ನಿಯಂತ್ರಣಗಳನ್ನು ಒದಗಿಸಿತು. ಮುಂದೆ 2010ರ ಮಾರ್ಚ್‌ನಲ್ಲಿ ತಯಾರಕ ಸಂಸ್ಥೆಯೇ ಹೊಸ ಫರ್ಮ್‌ವೇರ್ ಮೂಲಕ ಮಟ್ಟ ನಿಯಂತ್ರಣವನ್ನು ಸೇರಿಸಿತು. 2012ರ 5ಡಿ ಮಾರ್ಕ್ 3 ಮಾದರಿಯಲ್ಲಿ ಹೆಡ್‌ಫೋನ್ ಜ್ಯಾಕ್ ಬಂದಿತು. ಕ್ಯಾಮೆರಾದ ಅಡಿಯಲ್ಲಿ ಜೋಡಿಸುವಂತೆ ರೂಪಿಸಿದ, ಕ್ಯಾಮೆರಾಕ್ಕೆಂದೇ ಪ್ರತ್ಯೇಕ ಔಟ್‌ಪುಟ್ ಉಳ್ಳ ಟ್ಯಾಸ್ಕಾಮ್ ಡಿಆರ್-60ಡಿ ಎಂಬ ರೆಕಾರ್ಡರ್ 2013ರಲ್ಲಿ ಮಾರುಕಟ್ಟೆಗೆ ಬಂದಿತು.

ಸಂಕೇತದ ಮಟ್ಟಗಳು

ಧ್ವನಿ ಉಪಕರಣಗಳ ನಡುವೆ ಸಾಗುವ ವಿದ್ಯುತ್ ಸಂಕೇತಗಳು ಪ್ರಬಲತೆಯಲ್ಲಿ ಒಂದೇ ರೀತಿ ಇರುವುದಿಲ್ಲ. ಈ ಸಂಪರ್ಕದಲ್ಲಿ ಮುಖ್ಯವಾಗುವ ಮಟ್ಟಗಳು ಹೀಗಿವೆ:

• ಮೈಕ್ ಮಟ್ಟ: ಮೈಕ್‌ನಿಂದ ನೇರವಾಗಿ ಹೊರಬರುವ ಸಂಕೇತ. ಸಾಮಾನ್ಯ ಮಾತುಕತೆಗೆ ಇದು ಒಂದು ಮಿಲಿವೋಲ್ಟ್‌ಗಿಂತ ಕಡಿಮೆಯಿಂದ ಕೆಲವು ಮಿಲಿವೋಲ್ಟ್‌ಗಳಷ್ಟಿರುತ್ತದೆ.
• ಗೃಹಬಳಕೆಯ ಲೈನ್ ಮಟ್ಟ: ಇದರ ಮಾನಕ ಮೌಲ್ಯ −10 ಡಿಬಿವಿ, ಅಂದರೆ ಸುಮಾರು 0.316 ವೋಲ್ಟ್.
• ವೃತ್ತಿಪರ ಲೈನ್ ಮಟ್ಟ: ಇದರ ಮಾನಕ ಮೌಲ್ಯ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್.
• ಹೆಡ್‌ಫೋನ್ ಮಟ್ಟ: ವಾಲ್ಯೂಮ್ ನಿಯಂತ್ರಣಕ್ಕೆ ಅನುಗುಣವಾಗಿ ಬದಲಾಗುತ್ತದೆ, ಲೈನ್ ಮಟ್ಟದ ಆಸುಪಾಸಿನವರೆಗೂ ಏರಬಲ್ಲದು.

ಈ ಮಟ್ಟಗಳನ್ನು ಹೋಲಿಸಲು ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ವೋಲ್ಟೇಜ್ ಹತ್ತು ಪಟ್ಟಾದರೆ 20 ಡೆಸಿಬೆಲ್, ನೂರು ಪಟ್ಟಾದರೆ 40 ಡೆಸಿಬೆಲ್, ಸಾವಿರ ಪಟ್ಟಾದರೆ 60 ಡೆಸಿಬೆಲ್ ಏರಿಕೆ. ಮೈಕ್ ಮಟ್ಟಕ್ಕೂ ಲೈನ್ ಮಟ್ಟಕ್ಕೂ ಸಾಮಾನ್ಯವಾಗಿ 40ರಿಂದ 60 ಡೆಸಿಬೆಲ್‌ಗಳ ಅಂತರವಿರುತ್ತದೆ. ಮೈಕ್‌ಗೆಂದು ರೂಪಿಸಿದ ಕ್ಯಾಮೆರಾದ ಇನ್‌ಪುಟ್‌ಗೆ ಪೂರ್ಣ ಲೈನ್ ಮಟ್ಟದ ಸಂಕೇತವನ್ನು ಹಾಯಿಸಿದರೆ ಅದರ ಮಂಡಲ ತಾಳಲಾರದೆ ಧ್ವನಿತರಂಗದ ಶಿಖರಗಳು ಕತ್ತರಿಸಿಹೋಗುತ್ತವೆ. ಇದಕ್ಕೆ ಕ್ಲಿಪ್ಪಿಂಗ್ ಎಂದು ಹೆಸರು. ಇದರಿಂದ ಧ್ವನಿ ಒರಟಾಗಿ ಒಡೆದಂತೆ ಕೇಳುತ್ತದೆ.

ಗದ್ದಲದ ಮೂಲಗಳು

ಗದ್ದಲದ ಸ್ವರೂಪವನ್ನು ಕಿವಿಯಿಂದ ಗುರುತಿಸಿದರೆ ಅದರ ಮೂಲವನ್ನು ಬಹುಮಟ್ಟಿಗೆ ಊಹಿಸಬಹುದು.

ಸುಯ್ಯೆನ್ನುವ ಸದ್ದು: ಒಂದೇ ಸಮನೆ ಕೇಳುವ, ಹಿಸ್ ಎಂದು ಕರೆಯಲಾಗುವ ಈ ಸದ್ದು ವರ್ಧಕ ಮಂಡಲಗಳ ಕೊಡುಗೆ. ಯಾವುದೇ ರೋಧಕದಲ್ಲಿ ಎಲೆಕ್ಟ್ರಾನ್‌ಗಳ ಉಷ್ಣಚಲನೆಯಿಂದ ಅತ್ಯಲ್ಪ ವೋಲ್ಟೇಜ್ ಸದಾ ಉಂಟಾಗುತ್ತಿರುತ್ತದೆ. ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಇದನ್ನು ಅಳೆದರು. ಹ್ಯಾರಿ ನೈಕ್ವಿಸ್ಟ್ ಇದರ ಸಿದ್ಧಾಂತವನ್ನು ವಿವರಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. 150 ಓಮ್ ರೋಧವುಳ್ಳ ಮೂಲದಲ್ಲಿ, ಕೋಣೆಯ ಉಷ್ಣಾಂಶದಲ್ಲಿ, 20 ಕಿಲೊಹರ್ಟ್ಸ್ ವ್ಯಾಪ್ತಿಗೆ ಈ ಉಷ್ಣಗದ್ದಲ ಸುಮಾರು 0.22 ಮೈಕ್ರೊವೋಲ್ಟ್. ಇದು ಪ್ರಕೃತಿ ವಿಧಿಸಿದ ಮಿತಿ. ಉತ್ತಮ ರೆಕಾರ್ಡರ್‌ಗಳ ಪ್ರೀಆಂಪ್‌ಗಳು ಈ ಮಿತಿಯ ಸಮೀಪಕ್ಕೆ ಬರುತ್ತವೆ. ಛಾಯಾಚಿತ್ರಕ್ಕೇ ಪ್ರಾಶಸ್ತ್ಯವಿತ್ತು ರೂಪಿಸಿದ ಕ್ಯಾಮೆರಾಗಳ ಪ್ರೀಆಂಪ್‌ಗಳು ಸಾಮಾನ್ಯವಾಗಿ ಅದರಿಂದ ಬಹಳ ದೂರದಲ್ಲಿರುತ್ತವೆ.

ಗುಂಯ್‌ಗುಡುವಿಕೆ: ತಗ್ಗಿದ ಸ್ಥಾಯಿಯ ಈ ಸದ್ದು ಮನೆಯ ವಿದ್ಯುತ್ ಸರಬರಾಜಿನಿಂದ ಬರುತ್ತದೆ. ಭಾರತದಲ್ಲಿ ಸರಬರಾಜಿನ ಆವೃತ್ತಿ 50 ಹರ್ಟ್ಸ್ ಆದುದರಿಂದ ಈ ಸದ್ದು 50 ಹರ್ಟ್ಸ್‌ನಲ್ಲಿಯೂ ಅದರ ಗುಣಕಗಳಾದ 100, 150 ಹರ್ಟ್ಸ್‌ಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಬಿಟ್ಟುಬಿಟ್ಟು ಬರುವ ಗರಗರ ಸದ್ದು: ಸಮೀಪದ ಮೊಬೈಲ್ ಫೋನ್ ಇದಕ್ಕೆ ಸಾಮಾನ್ಯ ಕಾರಣ. ಜಿಎಸ್‌ಎಂ ಫೋನ್‌ಗಳು ಸೆಕೆಂಡಿಗೆ ಸುಮಾರು 217 ಬಾರಿ ರೇಡಿಯೊ ಸ್ಪಂದನಗಳನ್ನು ಹೊರಸೂಸುವುದರಿಂದ ಆ ಆವೃತ್ತಿಯ ಸದ್ದು ಧ್ವನಿಮಂಡಲದೊಳಗೆ ನುಸುಳುತ್ತದೆ.

ಚಟಪಟ ಸದ್ದು: ಸಡಿಲವಾದ ಜ್ಯಾಕ್, ಕಿಲುಬು ಹಿಡಿದ ಪ್ಲಗ್, ಒಳಗೆ ತುಂಡಾದ ತಂತಿ ಇದರ ಕಾರಣಗಳು.

ಪರಿಸರದ ಸದ್ದು: ಫ್ಯಾನು, ಗಾಳಿ, ವಾಹನ, ಕೋಣೆಯ ಪ್ರತಿಧ್ವನಿ ಇವು ಮೈಕ್‌ನ ಮೂಲಕವೇ ಬರುವುದರಿಂದ ಕೇಬಲ್ ಅಥವಾ ಮಟ್ಟಗಳ ಹೊಂದಾಣಿಕೆಯಿಂದ ಇವನ್ನು ತಗ್ಗಿಸಲಾಗದು. ಮೈಕ್ ಅನ್ನು ಮಾತನಾಡುವವರ ಸಮೀಪಕ್ಕೆ ತರುವುದೇ ಇಲ್ಲಿನ ಪರಿಹಾರ. ತೆರೆದ ಜಾಗದಲ್ಲಿ ಮೈಕ್‌ನ ದೂರವನ್ನು ಅರ್ಧಕ್ಕಿಳಿಸಿದರೆ ಮಾತಿನ ಸಂಕೇತ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಸುತ್ತಲಿನ ಸದ್ದು ಬಹುತೇಕ ಹಾಗೆಯೇ ಉಳಿಯುತ್ತದೆ.

ವರ್ಧನೆಯ ಹಂಚಿಕೆ

ಒಂದರ ನಂತರ ಒಂದರಂತೆ ಜೋಡಿಸಿದ ವರ್ಧಕಗಳ ಸರಣಿಯಲ್ಲಿ ಮೊದಲ ಹಂತದ ಗದ್ದಲವೇ ಒಟ್ಟು ಫಲಿತಾಂಶವನ್ನು ನಿರ್ಧರಿಸುತ್ತದೆ. ಮೊದಲ ಹಂತದಲ್ಲಿ ಸಾಕಷ್ಟು ವರ್ಧನೆ ದೊರೆತರೆ ಮುಂದಿನ ಹಂತಗಳ ಗದ್ದಲ ಗೌಣವಾಗುತ್ತದೆ. ರೇಡಿಯೊ ಗ್ರಾಹಕಗಳನ್ನು ಕುರಿತು ಹರಾಲ್ಡ್ ಫ್ರೀಸ್ 1944ರಲ್ಲಿ ನಿರೂಪಿಸಿದ ಈ ನಿಯಮ ಧ್ವನಿ ಉಪಕರಣಗಳಿಗೂ ಅನ್ವಯಿಸುತ್ತದೆ. ಇಲ್ಲಿ ರೆಕಾರ್ಡರ್ ಮೊದಲ ಹಂತ, ಕ್ಯಾಮೆರಾ ಎರಡನೆಯ ಹಂತ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಕ್ಯಾಮೆರಾದ ಇನ್‌ಪುಟ್‌ನಲ್ಲಿ 10 ಮೈಕ್ರೊವೋಲ್ಟ್, ರೆಕಾರ್ಡರ್‌ನ ಇನ್‌ಪುಟ್‌ನಲ್ಲಿ 1 ಮೈಕ್ರೊವೋಲ್ಟ್ ಗದ್ದಲವಿದೆಯೆಂದೂ ಮೈಕ್ 2 ಮಿಲಿವೋಲ್ಟ್ ಸಂಕೇತ ಕೊಡುತ್ತದೆಯೆಂದೂ ಭಾವಿಸೋಣ.

• ಮೈಕ್ ಅನ್ನು ನೇರವಾಗಿ ಕ್ಯಾಮೆರಾಕ್ಕೆ ಜೋಡಿಸಿದರೆ ಸಂಕೇತವು ಗದ್ದಲದ 200 ಪಟ್ಟು. ಇದು 46 ಡೆಸಿಬೆಲ್ ಅಂತರ.
• ರೆಕಾರ್ಡರ್‌ನಲ್ಲಿ 50 ಪಟ್ಟು ವರ್ಧಿಸಿ ಕಳುಹಿಸಿದರೆ ಕ್ಯಾಮೆರಾಕ್ಕೆ 100 ಮಿಲಿವೋಲ್ಟ್ ಸಂಕೇತ ತಲುಪುತ್ತದೆ. ರೆಕಾರ್ಡರ್‌ನ ಗದ್ದಲವೂ 50 ಮೈಕ್ರೊವೋಲ್ಟ್ ಆಗುತ್ತದೆ. ಅದಕ್ಕೆ ಕ್ಯಾಮೆರಾದ 10 ಮೈಕ್ರೊವೋಲ್ಟ್ ಸೇರಿದಾಗ ಒಟ್ಟು ಗದ್ದಲ ಸುಮಾರು 51 ಮೈಕ್ರೊವೋಲ್ಟ್. ಪರಸ್ಪರ ಸಂಬಂಧವಿಲ್ಲದ ಗದ್ದಲಗಳು ವರ್ಗಗಳ ಮೊತ್ತದ ವರ್ಗಮೂಲವಾಗಿ ಕೂಡುವುದರಿಂದ ಇದು 60 ಆಗುವುದಿಲ್ಲ. ಈಗಿನ ಅಂತರ ಸುಮಾರು 66 ಡೆಸಿಬೆಲ್.

ಎರಡೂ ಸಂದರ್ಭಗಳಲ್ಲಿ ಕ್ಯಾಮೆರಾ ಒಂದೇ; ಬದಲಾದದ್ದು ವರ್ಧನೆಯ ಸ್ಥಳ ಮಾತ್ರ. ಅಷ್ಟರಿಂದಲೇ 20 ಡೆಸಿಬೆಲ್ ಲಾಭ ದೊರೆಯಿತು. ಇದಕ್ಕೆ ವಿರುದ್ಧವಾಗಿ, ರೆಕಾರ್ಡರ್‌ನ ಔಟ್‌ಪುಟ್ ಅನ್ನು ತಗ್ಗಿಸಿ ಕ್ಯಾಮೆರಾದ ಮಟ್ಟವನ್ನು ಏರಿಸಿದರೆ ಎಷ್ಟೇ ಬೆಲೆಬಾಳುವ ರೆಕಾರ್ಡರ್ ಇದ್ದರೂ ಕ್ಯಾಮೆರಾದ ಗದ್ದಲವೇ ಮೇಲುಗೈ ಸಾಧಿಸುತ್ತದೆ. ಹಲವರು ಎದುರಿಸುವ ತೊಂದರೆಯ ಮೂಲ ಇದೇ ಆಗಿದೆ.

ಅಟೆನ್ಯುಯೇಟರ್ ಕೇಬಲ್

ಕ್ಯಾಮೆರಾದ ಮಟ್ಟವನ್ನು ಕನಿಷ್ಠಕ್ಕಿಳಿಸಿದ ಮೇಲೂ ಲೈನ್ ಔಟ್‌ಪುಟ್‌ನ ಸಂಕೇತ ಅತಿಯಾಗುವುದುಂಟು. ಆಗ ನಡುವೆ ರೋಧಕಗಳಿಂದ ರಚಿಸಿದ ವೋಲ್ಟೇಜ್ ವಿಭಾಜಕವನ್ನು ಸೇರಿಸಬೇಕಾಗುತ್ತದೆ. ಇದನ್ನು ಅಟೆನ್ಯುಯೇಟರ್ ಅಥವಾ ಪ್ಯಾಡ್ ಎನ್ನುತ್ತಾರೆ. ಕೇಬಲ್‌ನೊಳಗೇ ಇದನ್ನು ಅಳವಡಿಸಿದ, 25 ಡೆಸಿಬೆಲ್ ಇಲ್ಲವೇ ಅದಕ್ಕಿಂತ ಹೆಚ್ಚು ತಗ್ಗಿಸುವ ಸಿದ್ಧ ಕೇಬಲ್‌ಗಳು ದೊರೆಯುತ್ತವೆ. ಕೆಲವು ರೆಕಾರ್ಡರ್‌ಗಳ ಮೆನುವಿನಲ್ಲಿಯೇ ಔಟ್‌ಪುಟ್ ಅನ್ನು ಮೈಕ್ ಮಟ್ಟಕ್ಕೆ ಇಳಿಸುವ ಆಯ್ಕೆ ಇರುತ್ತದೆ.

ಪ್ಯಾಡ್ ಕ್ಯಾಮೆರಾದ ತುದಿಗೆ ಸಮೀಪದಲ್ಲಿದ್ದರೆ ಹೆಚ್ಚು ಪ್ರಯೋಜನ. ಆಗ ಕೇಬಲ್‌ನುದ್ದಕ್ಕೂ ಪ್ರಬಲ ಸಂಕೇತವೇ ಸಾಗುತ್ತದೆ. ದಾರಿಯಲ್ಲಿ ನುಸುಳಿದ ಗುಂಯ್‌ಗುಡುವಿಕೆಯೂ ಸಂಕೇತದೊಂದಿಗೆ ತಗ್ಗುತ್ತದೆ. ರೆಕಾರ್ಡರ್‌ನ ತುದಿಯಲ್ಲೇ ತಗ್ಗಿಸಿದರೆ ದುರ್ಬಲ ಸಂಕೇತ ಕೇಬಲ್‌ನಲ್ಲಿ ಸಾಗಿ, ಹೊರಗಿನ ಸದ್ದು ಅದಕ್ಕೆ ಪೂರ್ಣ ಪ್ರಮಾಣದಲ್ಲಿ ಸೇರಿಕೊಳ್ಳುತ್ತದೆ.

ಲೈನ್ ಔಟ್‌ಪುಟ್ ಇಲ್ಲದ ರೆಕಾರ್ಡರ್‌ಗಳಲ್ಲಿ ಹೆಡ್‌ಫೋನ್ ಜ್ಯಾಕ್ ಅನ್ನು ಬಳಸಬಹುದು. ಹೆಡ್‌ಫೋನ್ ವರ್ಧಕಕ್ಕೆ ತನ್ನದೇ ಆದ ಸ್ಥಿರ ಗದ್ದಲವಿರುವುದರಿಂದ ವಾಲ್ಯೂಮ್ ಅನ್ನು ತೀರಾ ತಗ್ಗಿಸದೆ, ಮಧ್ಯಮಕ್ಕಿಂತ ಮೇಲಿರಿಸಿ, ಪ್ಯಾಡ್ ಮೂಲಕ ಇಳಿಸುವುದು ಉತ್ತಮ. ಚಿತ್ರೀಕರಣದ ನಡುವೆ ಯಾರಾದರೂ ವಾಲ್ಯೂಮ್ ಮುಟ್ಟಿದರೆ ಕ್ಯಾಮೆರಾದ ಮಟ್ಟವೂ ಬದಲಾಗುತ್ತದೆ ಎಂಬುದು ಈ ವ್ಯವಸ್ಥೆಯ ದೌರ್ಬಲ್ಯ.

ಸ್ವಯಂಚಾಲಿತ ಮಟ್ಟ ನಿಯಂತ್ರಣ

ಎಜಿಸಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾದ ಸ್ವಯಂಚಾಲಿತ ಮಟ್ಟ ನಿಯಂತ್ರಣವು, ಧ್ವನಿ ಕ್ಷೀಣಿಸಿದಾಗ ವರ್ಧನೆಯನ್ನು ಏರಿಸಿ, ಜೋರಾದಾಗ ಇಳಿಸುತ್ತದೆ. ಮಾತಿನ ನಡುವಿನ ಮೌನವನ್ನು ಕ್ಷೀಣ ಧ್ವನಿಯೆಂದೇ ಗ್ರಹಿಸಿ ವರ್ಧನೆಯನ್ನು ಗರಿಷ್ಠಕ್ಕೊಯ್ಯುವುದರಿಂದ, ಪ್ರತಿ ವಿರಾಮದಲ್ಲೂ ಸುಯ್ಯೆನ್ನುವ ಸದ್ದು ಮೇಲೇಳುತ್ತದೆ; ಮಾತು ಆರಂಭವಾದೊಡನೆ ಮತ್ತೆ ಅಡಗುತ್ತದೆ.

ಜೋರು ಮತ್ತು ಮೆಲುದನಿಗಳ ಅಂತರ ಹೆಚ್ಚಿರುವ ಕಲೆಗಳ ದಾಖಲೆಯಲ್ಲಿ ಇದರ ಹಾನಿ ಸ್ಪಷ್ಟ. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಬಿದ್ದಾಗ ವರ್ಧನೆ ಕುಸಿದು ಭಾಗವತರ ಕಂಠ ಹಿಂದೆ ಸರಿಯುತ್ತದೆ. ಚೆಂಡೆ ನಿಂತು ಅರ್ಥಗಾರಿಕೆ ತೊಡಗುವ ಮುನ್ನ ಸಭಾಂಗಣದ ಫ್ಯಾನಿನ ಸದ್ದು ಉಬ್ಬಿಬರುತ್ತದೆ. ಹೀಗೆ ದಾಖಲಾದ ಏರಿಳಿತವನ್ನು ಸಂಕಲನದಲ್ಲಿ ಪೂರ್ಣವಾಗಿ ಸರಿಪಡಿಸುವುದು ಅಸಾಧ್ಯ.

ಆದುದರಿಂದ ಕ್ಯಾಮೆರಾದ ಮೆನುವಿನಲ್ಲಿ ಧ್ವನಿಮುದ್ರಣವನ್ನು ಕೈನಿಯಂತ್ರಣಕ್ಕೆ ಬದಲಿಸುವುದು ಮೊದಲ ಕೆಲಸ. ಅಂಥ ಆಯ್ಕೆಯಿಲ್ಲದ ಹಳೆಯ ಕ್ಯಾಮೆರಾಗಳಿಗೆ ಒಂದು ಚಾನೆಲ್‌ನಲ್ಲಿ ಸ್ಥಿರವಾದ ಸ್ವರವನ್ನು ಕಳುಹಿಸಿ, ಸ್ವಯಂಚಾಲಿತ ನಿಯಂತ್ರಣವನ್ನು ತಗ್ಗಿದ ವರ್ಧನೆಯಲ್ಲೇ ಹಿಡಿದಿಟ್ಟು, ಇನ್ನೊಂದು ಚಾನೆಲ್‌ನಲ್ಲಿ ಮಾತನ್ನು ದಾಖಲಿಸುವ ಉಪಾಯವನ್ನು ಬಳಸಲಾಗುತ್ತಿತ್ತು. ಎರಡೂ ಚಾನೆಲ್‌ಗಳ ವರ್ಧನೆ ಒಟ್ಟಿಗೆ ಬದಲಾಗುವ ಕ್ಯಾಮೆರಾಗಳಲ್ಲಿ ಮಾತ್ರ ಇದು ಫಲಿಸುತ್ತದೆ. ಗಾಳಿಸದ್ದು ನಿಗ್ರಹ, ಮಿತಿಕಾರಕ ಮುಂತಾದ ಕ್ಯಾಮೆರಾದ ಇತರ ಸೌಲಭ್ಯಗಳನ್ನೂ ಸಾಮಾನ್ಯವಾಗಿ ಆರಿಸಿಡಲಾಗುತ್ತದೆ. ಅಗತ್ಯವಿದ್ದರೆ ಇವನ್ನು ರೆಕಾರ್ಡರ್‌ನಲ್ಲಿಯೇ ಬಳಸುವುದು ಲೇಸು.

ಕೇಬಲ್ ಮತ್ತು ಪ್ಲಗ್‌ಗಳು

ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಎರಡು ತಂತಿಗಳು ಒಂದೇ ಸಂಕೇತವನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಒಯ್ಯುತ್ತವೆ. ಗ್ರಾಹಕ ಉಪಕರಣವು ಅವುಗಳ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುವುದರಿಂದ, ಎರಡೂ ತಂತಿಗಳಲ್ಲಿ ಸಮಾನವಾಗಿ ನುಸುಳಿದ ಹೊರಗಿನ ಸದ್ದು ರದ್ದಾಗುತ್ತದೆ. ಇದು ಸಮತೋಲಿತ ಸಂಪರ್ಕ. ಇಂಥ ಕೇಬಲ್ ಹತ್ತಾರು ಮೀಟರ್ ಉದ್ದವಿದ್ದರೂ ತೊಂದರೆಯಿಲ್ಲ. ಕ್ಯಾಮೆರಾದ 3.5 ಮಿಲಿಮೀಟರ್ ಜ್ಯಾಕ್ ಅಸಮತೋಲಿತ. ಅದಕ್ಕೆ ಈ ರಕ್ಷಣೆಯಿಲ್ಲ. ಹಾಗಾಗಿ ಮೈಕ್‌ನಿಂದ ರೆಕಾರ್ಡರ್‌ವರೆಗೆ ಉದ್ದವಾದ ಸಮತೋಲಿತ ಕೇಬಲ್, ರೆಕಾರ್ಡರ್‌ನಿಂದ ಕ್ಯಾಮೆರಾಕ್ಕೆ ಆದಷ್ಟು ಗಿಡ್ಡದಾದ, ಲೋಹಜಾಲದ ಹೊದಿಕೆಯುಳ್ಳ ಕೇಬಲ್ ಎಂಬ ವ್ಯವಸ್ಥೆ ಸೂಕ್ತ.

ಕ್ಯಾಮೆರಾದ ಸ್ಟೀರಿಯೊ ಪ್ಲಗ್‌ನಲ್ಲಿ ತುದಿ ಎಡ ಚಾನೆಲ್‌ಗೆ, ನಡುವಿನ ಉಂಗುರ ಬಲ ಚಾನೆಲ್‌ಗೆ, ಬುಡದ ಭಾಗ ನೆಲಕ್ಕೆ ಮೀಸಲು. ಸಮತೋಲಿತ ಎಕ್ಸ್‌ಎಲ್‌ಆರ್ ಔಟ್‌ಪುಟ್‌ನ ಎರಡು ತಂತಿಗಳನ್ನು ನೇರವಾಗಿ ತುದಿಗೂ ಉಂಗುರಕ್ಕೂ ಜೋಡಿಸಿದರೆ ಎಡ ಮತ್ತು ಬಲ ಚಾನೆಲ್‌ಗಳು ವಿರುದ್ಧ ಕಲೆಯಲ್ಲಿ ದಾಖಲಾಗುತ್ತವೆ. ಹೆಡ್‌ಫೋನ್‌ನಲ್ಲಿ ಧ್ವನಿ ಇದ್ದಂತೆಯೇ ಕೇಳುತ್ತದೆ. ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಎರಡೂ ಕೂಡಿದಾಗ ಮಾತು ಬಹುತೇಕ ಮಾಯವಾಗುತ್ತದೆ. ನಾಲ್ಕು ಭಾಗಗಳುಳ್ಳ ಮೊಬೈಲ್ ಫೋನಿನ ಪ್ಲಗ್‌ಗಳನ್ನು ಕ್ಯಾಮೆರಾಕ್ಕೆ ಬಳಸುವುದೂ ಸರಿಯಲ್ಲ.

ಅನೇಕ ಕ್ಯಾಮೆರಾಗಳ ಮೈಕ್ ಜ್ಯಾಕ್ ಸಣ್ಣ ಮೈಕ್‌ಗಳಿಗೆ ಚಾಲನೆ ನೀಡಲು ಕೆಲವು ವೋಲ್ಟ್‌ಗಳ ನೇರ ವಿದ್ಯುತ್ತನ್ನು ಒದಗಿಸುತ್ತದೆ. ಪ್ಲಗ್-ಇನ್ ಪವರ್ ಎಂಬ ಈ ಸೌಲಭ್ಯ ರೆಕಾರ್ಡರ್‌ಗೆ ಅನಗತ್ಯ. ಕೆಲವೊಮ್ಮೆ ಚಟಪಟ ಸದ್ದಿಗೂ ಕಾರಣವಾಗುತ್ತದೆ. ಮೆನುವಿನಲ್ಲಿ ಅದನ್ನು ಆರಿಸಬೇಕು. ಆರಿಸಲಾಗದಿದ್ದರೆ ನೇರ ವಿದ್ಯುತ್ತನ್ನು ತಡೆಯುವ ಕೆಪಾಸಿಟರ್ ಇರುವ ಕೇಬಲ್ ಬಳಸಬೇಕು.

ಭೂಸಂಪರ್ಕದ ಕುಣಿಕೆ

ರೆಕಾರ್ಡರ್ ಮತ್ತು ಕ್ಯಾಮೆರಾಗಳೆರಡೂ ಬೇರೆ ಬೇರೆ ಅಡಾಪ್ಟರ್‌ಗಳ ಮೂಲಕ ಮನೆಯ ವಿದ್ಯುತ್ತಿಗೆ ಜೋಡಿಸಲ್ಪಟ್ಟಾಗ, ಧ್ವನಿ ಕೇಬಲ್‌ನ ಹೊದಿಕೆ ಮತ್ತು ವಿದ್ಯುತ್ ತಂತಿಗಳು ಸೇರಿ ಒಂದು ಮುಚ್ಚಿದ ವರ್ತುಲ ಏರ್ಪಡಬಹುದು. ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ ಪ್ರವಾಹವೇ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಎರಡರಲ್ಲಿ ಒಂದನ್ನಾದರೂ ಬ್ಯಾಟರಿಯಿಂದ ನಡೆಸುವುದು ಅತಿ ಸರಳ ಪರಿಹಾರ. ಕ್ಯಾಮೆರಾಕ್ಕೆ ಹೊರಗಿನ ಮಾನಿಟರ್, ರೆಕಾರ್ಡರ್‌ಗೆ ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆ ಜೋಡಣೆಯಾಗಿದ್ದರೆ ಬ್ಯಾಟರಿಯಲ್ಲಿದ್ದರೂ ವರ್ತುಲ ಉಂಟಾಗಬಹುದು. ಆಗ ನಡುವೆ ಪ್ರತ್ಯೇಕಕಾರಿ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಅದು ನೇರ ಲೋಹಸಂಪರ್ಕವಿಲ್ಲದೆ, ಕಾಂತಕ್ಷೇತ್ರದ ಮೂಲಕ ಧ್ವನಿಸಂಕೇತವನ್ನು ಮಾತ್ರ ದಾಟಿಸುತ್ತದೆ. ಸದ್ದು ನಿಲ್ಲಿಸುವ ಆತುರದಲ್ಲಿ ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವುದು ಪ್ರಾಣಾಪಾಯಕಾರಿ. 230 ವೋಲ್ಟ್ ಸರಬರಾಜಿನಲ್ಲಿ ಆ ಪಿನ್ ಇರುವುದು ಮನುಷ್ಯನ ರಕ್ಷಣೆಗಾಗಿ.

ಧ್ವನಿ ಕೇಬಲ್ ವಿದ್ಯುತ್ ತಂತಿಗೆ ಸಮಾನಾಂತರವಾಗಿ ಹಾಯದಂತೆ, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟುವಂತೆ ಹಾಸಬೇಕು. ಮೊಬೈಲ್ ಫೋನ್‌ಗಳನ್ನು ದೂರವಿಡುವುದು ಅಥವಾ ಏರೋಪ್ಲೇನ್ ಮೋಡ್‌ನಲ್ಲಿಡುವುದು, ಕೇಬಲ್‌ಗೆ ಫೆರೈಟ್ ಉಂಗುರ ತೊಡಿಸುವುದು ರೇಡಿಯೊ ಗದ್ದಲವನ್ನು ತಗ್ಗಿಸುತ್ತವೆ.

ಮಟ್ಟಗಳನ್ನು ಹೊಂದಿಸುವ ಕ್ರಮ

1. ಕ್ಯಾಮೆರಾದಲ್ಲಿ ಸ್ವಯಂಚಾಲಿತ ನಿಯಂತ್ರಣವನ್ನು ಆರಿಸಿ, ಧ್ವನಿಮಟ್ಟವನ್ನು ಶೂನ್ಯದಿಂದ ಒಂದೆರಡು ಹೆಜ್ಜೆ ಮೇಲಕ್ಕಷ್ಟೇ ಇರಿಸಬೇಕು.
2. ಮಾತನಾಡುವವರಿಂದ ನಿಜವಾದ ದನಿಯಲ್ಲಿಯೇ ಒಂದೆರಡು ವಾಕ್ಯ ಹೇಳಿಸಿ, ರೆಕಾರ್ಡರ್‌ನ ಮಾಪಕದಲ್ಲಿ ಶಿಖರಗಳು −12 ಡೆಸಿಬೆಲ್ ಆಸುಪಾಸಿನಲ್ಲಿ ಬರುವಂತೆ ಇನ್‌ಪುಟ್ ವರ್ಧನೆಯನ್ನು ಹೊಂದಿಸಬೇಕು.
3. ರೆಕಾರ್ಡರ್‌ನಲ್ಲಿ ಪರೀಕ್ಷಾ ಸ್ವರದ ಸೌಲಭ್ಯವಿದ್ದರೆ 1 ಕಿಲೊಹರ್ಟ್ಸ್ ಸ್ವರವನ್ನು −20 ಡೆಸಿಬೆಲ್ ಮಟ್ಟದಲ್ಲಿ ಕಳುಹಿಸಬೇಕು.
4. ಕ್ಯಾಮೆರಾದ ಮಾಪಕವೂ −20 ತೋರುವಂತೆ ರೆಕಾರ್ಡರ್‌ನ ಔಟ್‌ಪುಟ್ ಅಥವಾ ಪ್ಯಾಡ್ ಅನ್ನು ಬದಲಿಸಬೇಕು. ಕ್ಯಾಮೆರಾದ ಮಟ್ಟವನ್ನು ಏರಿಸುವುದು ಕೊನೆಯ ಆಯ್ಕೆ.
5. ಜೋರಾದ ನಗು, ಚಪ್ಪಾಳೆಗಳನ್ನು ಪರೀಕ್ಷಿಸಿ ಕ್ಲಿಪ್ಪಿಂಗ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.
6. ಅರ್ಧ ನಿಮಿಷ ಚಿತ್ರೀಕರಿಸಿ, ಕ್ಯಾಮೆರಾದಲ್ಲಿ ದಾಖಲಾದುದನ್ನೇ ಹೆಡ್‌ಫೋನ್‌ನಲ್ಲಿ ಆಲಿಸಬೇಕು.

ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ. ರೆಕಾರ್ಡರ್‌ನ ಹೆಡ್‌ಫೋನ್‌ನಲ್ಲಿ ಶುಭ್ರವಾಗಿ ಕೇಳುವ ಧ್ವನಿ ಕ್ಯಾಮೆರಾದಲ್ಲಿ ಒಡೆದು ದಾಖಲಾಗುತ್ತಿರಬಹುದು. ಕ್ಯಾಮೆರಾದ ಇನ್‌ಪುಟ್‌ನ ಮೊದಲ ಹಂತದಲ್ಲೇ ಕ್ಲಿಪ್ಪಿಂಗ್ ನಡೆದಿದ್ದರೆ ಮಾಪಕವು ಸುರಕ್ಷಿತ ಮಟ್ಟವನ್ನೇ ತೋರಿಸಬಹುದು. ಕಿವಿಗೆ ಮಾತ್ರ ಅದು ತಿಳಿಯುತ್ತದೆ. ಒಂದೇ ಮೈಕ್ ಬಳಸುವಾಗ ಎಡ ಚಾನೆಲ್‌ಗೆ ಸಾಮಾನ್ಯ ಮಟ್ಟವನ್ನೂ ಬಲ ಚಾನೆಲ್‌ಗೆ ಸುಮಾರು 10 ಡೆಸಿಬೆಲ್ ಕಡಿಮೆ ಮಟ್ಟವನ್ನೂ ಕೊಟ್ಟರೆ, ಅನಿರೀಕ್ಷಿತ ಜೋರುದನಿಯಲ್ಲಿ ಎರಡನೆಯದು ಆಪದ್ಬಾಂಧವನಾಗುತ್ತದೆ.

ದೋಷದ ಪತ್ತೆ

ಗದ್ದಲದ ಸ್ಥಾನವನ್ನು ತಿಳಿಯಲು ಒಂದು ಬಾರಿಗೆ ಒಂದೇ ಬದಲಾವಣೆ ಮಾಡುತ್ತ ಹೋಗಬೇಕು. ಕೇಬಲ್ ಅನ್ನು ಕ್ಯಾಮೆರಾದಲ್ಲಿಯೇ ಬಿಟ್ಟು ರೆಕಾರ್ಡರ್‌ನ ಇನ್‌ಪುಟ್ ವರ್ಧನೆಯನ್ನು ಶೂನ್ಯಕ್ಕಿಳಿಸಿದಾಗಲೂ ಸುಯ್ಯೆನ್ನುವ ಸದ್ದು ಅಷ್ಟೇ ಇದ್ದರೆ ಅದು ಕ್ಯಾಮೆರಾದ್ದು ಅಥವಾ ರೆಕಾರ್ಡರ್‌ನ ಔಟ್‌ಪುಟ್ ಹಂತದ್ದು. ಕಡಿಮೆಯಾದರೆ ರೆಕಾರ್ಡರ್‌ನ ಪ್ರೀಆಂಪ್ ಅಥವಾ ಮೈಕ್‌ನದು. ಎರಡೂ ಉಪಕರಣಗಳನ್ನು ಬ್ಯಾಟರಿಗೆ ಬದಲಿಸಿದಾಗ ಗುಂಯ್‌ಗುಡುವಿಕೆ ನಿಂತರೆ ಭೂಸಂಪರ್ಕದ ಕುಣಿಕೆ ಅಥವಾ ಅಡಾಪ್ಟರ್ ಕಾರಣ. ಪ್ಲಗ್ ಅನ್ನು ಮೆಲ್ಲನೆ ತಿರುಗಿಸಿದಾಗ ಚಟಪಟಿಸಿದರೆ ಜ್ಯಾಕ್ ಅಥವಾ ಕೇಬಲ್ ಬದಲಿಸಬೇಕು. ಅದೇ ಕ್ಷಣದಲ್ಲಿ ರೆಕಾರ್ಡರ್‌ನ ಕಾರ್ಡಿನಲ್ಲಿ ದಾಖಲಾದ ಧ್ವನಿಯನ್ನು ಕ್ಯಾಮೆರಾದ ಧ್ವನಿಯೊಂದಿಗೆ ಹೋಲಿಸುವುದು ಅತ್ಯಂತ ನಿರ್ಣಾಯಕ ಪರೀಕ್ಷೆ. ಎರಡರಲ್ಲೂ ಇರುವ ಗದ್ದಲ ಮೈಕ್‌ನ ಕಡೆಯಿಂದ ಬಂದದ್ದು. ಕ್ಯಾಮೆರಾದಲ್ಲಿ ಮಾತ್ರ ಇರುವುದು ಸಂಪರ್ಕದಿಂದ ಹುಟ್ಟಿದ್ದು.

ಸಮಾನಾಂತರ ಧ್ವನಿಮುದ್ರಣ

ಕ್ಯಾಮೆರಾಕ್ಕೆ ಧ್ವನಿ ಕಳುಹಿಸುತ್ತಿದ್ದರೂ ರೆಕಾರ್ಡರ್‌ನಲ್ಲಿ ಪ್ರತ್ಯೇಕವಾಗಿ ಮುದ್ರಿಸಿಕೊಳ್ಳುವುದು ವಾಡಿಕೆ. ರೆಕಾರ್ಡರ್‌ನ 24 ಬಿಟ್ ಕಡತಕ್ಕೆ ಸೈದ್ಧಾಂತಿಕವಾಗಿ ಸುಮಾರು 144 ಡೆಸಿಬೆಲ್ ವ್ಯಾಪ್ತಿಯಿದ್ದರೆ, ಅನೇಕ ಕ್ಯಾಮೆರಾಗಳು ಬಳಸುವ 16 ಬಿಟ್ ಕಡತಕ್ಕೆ ಇರುವುದು ಸುಮಾರು 96 ಡೆಸಿಬೆಲ್. ಕ್ಯಾಮೆರಾದ ಧ್ವನಿ ಕೆಟ್ಟರೂ ಮೂಲಪ್ರತಿ ಉಳಿದಿರುತ್ತದೆ. ಕ್ಯಾಮೆರಾದಲ್ಲಿರುವ ಧ್ವನಿಯು ಆಗ ಮಾರ್ಗದರ್ಶಿಯಾಗಿ, ಸಂಕಲನ ತಂತ್ರಾಂಶಕ್ಕೆ ಎರಡೂ ಕಡತಗಳ ತರಂಗಗಳನ್ನು ಹೋಲಿಸಿ ಜೋಡಿಸಲು ನೆರವಾಗುತ್ತದೆ.

ಇಲ್ಲಿ ಗಮನಿಸಬೇಕಾದುದು ಗಡಿಯಾರಗಳ ವ್ಯತ್ಯಾಸ. ಎರಡು ಉಪಕರಣಗಳ ಸ್ಫಟಿಕ ಗಡಿಯಾರಗಳ ನಡುವೆ ದಶಲಕ್ಷಕ್ಕೆ 10ರಷ್ಟು ಅಂತರವಿದ್ದರೆ ಒಂದು ಗಂಟೆಯಲ್ಲಿ 36 ಮಿಲಿಸೆಕೆಂಡ್ ವ್ಯತ್ಯಾಸವಾಗುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟಿನ ಅವಧಿ 40 ಮಿಲಿಸೆಕೆಂಡ್ ಆದುದರಿಂದ ಇದು ಹೆಚ್ಚುಕಡಿಮೆ ಒಂದು ಚೌಕಟ್ಟಿನಷ್ಟು. ದೀರ್ಘ ಭಾಷಣ ಅಥವಾ ಸಂಗೀತ ಕಚೇರಿಗಳಲ್ಲಿ ನಡುನಡುವೆ ಹೊಂದಾಣಿಕೆಯನ್ನು ಪರಿಶೀಲಿಸಬೇಕಾಗುತ್ತದೆ.

ಡಿಜಿಟಲ್ ಸಂಪರ್ಕ

ಸಂಕೇತವನ್ನು ಡಿಜಿಟಲ್ ರೂಪದಲ್ಲಿಯೇ ಕ್ಯಾಮೆರಾಕ್ಕೆ ತಲುಪಿಸಿದರೆ ಕ್ಯಾಮೆರಾದ ಪ್ರೀಆಂಪ್‌ನ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸೋನಿ ಸಂಸ್ಥೆಯು 2019ರಲ್ಲಿ ತನ್ನ ಕೆಲವು ಕ್ಯಾಮೆರಾಗಳ ಮೇಲ್ಭಾಗದ ಶೂ ಮೂಲಕ ಡಿಜಿಟಲ್ ಧ್ವನಿಯನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಪರಿಚಯಿಸಿತು. ಇಂಥ ವ್ಯವಸ್ಥೆಗಳು ಆಯಾ ತಯಾರಕರ ಉಪಕರಣಗಳಿಗೆ ಸೀಮಿತವಾಗಿರುವುದರಿಂದ 3.5 ಮಿಲಿಮೀಟರ್ ಜ್ಯಾಕ್‌ನ ಬಳಕೆ ವ್ಯಾಪಕವಾಗಿ ಉಳಿದಿದೆ.

ಮುದ್ರಣಾನಂತರದ ಸಂಸ್ಕರಣೆ

ಆಡಾಸಿಟಿಯಂಥ ಮುಕ್ತ ತಂತ್ರಾಂಶಗಳಲ್ಲಿ ಗದ್ದಲ ತಗ್ಗಿಸುವ ಸೌಲಭ್ಯವಿದೆ. ಮಾತಿಲ್ಲದ ಒಂದೆರಡು ಸೆಕೆಂಡುಗಳ ಭಾಗವನ್ನು ಮಾದರಿಯಾಗಿ ಕೊಟ್ಟರೆ, ತಂತ್ರಾಂಶವು ಅದರ ಆವೃತ್ತಿ ಹಂಚಿಕೆಯನ್ನು ಗುರುತಿಸಿ ಇಡೀ ಧ್ವನಿಯಲ್ಲಿ ಅದನ್ನು ತಗ್ಗಿಸುತ್ತದೆ. ಇದಕ್ಕಾಗಿ ಚಿತ್ರೀಕರಣದ ಸ್ಥಳದಲ್ಲಿ ಎಲ್ಲರೂ ಮೌನವಾಗಿದ್ದು ಅರ್ಧ ನಿಮಿಷದ ಧ್ವನಿಯನ್ನು ದಾಖಲಿಸಿಕೊಳ್ಳುವುದು ಒಳ್ಳೆಯ ರೂಢಿ. ಸ್ಥಿರವಾದ ಹಿಸ್ ಮತ್ತು ಗುಂಯ್‌ಗುಡುವಿಕೆಗೆ ಈ ವಿಧಾನ ಉಪಯುಕ್ತ. ಅತಿಯಾಗಿ ಬಳಸಿದರೆ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಸ, ಶ, ಹ ಮುಂತಾದ ಅಕ್ಷರಗಳ ಧ್ವನಿಶಕ್ತಿ ಹಿಸ್‌ನ ವ್ಯಾಪ್ತಿಯಲ್ಲಿಯೇ ಹರಡಿರುವುದರಿಂದ ಗದ್ದಲದೊಂದಿಗೆ ಉಚ್ಚಾರದ ಸ್ಪಷ್ಟತೆಯೂ ನಷ್ಟವಾಗುತ್ತದೆ. ಕ್ಲಿಪ್ಪಿಂಗ್‌ನಲ್ಲಿ ಕಳೆದುಹೋದ ಶಿಖರಗಳನ್ನು ತಂತ್ರಾಂಶ ಊಹಿಸಿ ತುಂಬಬಲ್ಲದೇ ಹೊರತು ಮರಳಿ ತರಲಾರದು. ಹಿರಿಯರ ಸಂದರ್ಶನ, ಮೌಖಿಕ ಇತಿಹಾಸ, ಜಾನಪದ ಹಾಡುಗಾರಿಕೆಯಂಥ ಮತ್ತೊಮ್ಮೆ ದೊರೆಯದ ಸಂದರ್ಭಗಳ ದಾಖಲಾತಿಯಲ್ಲಿ, ಮುದ್ರಣಕ್ಕೆ ಮುನ್ನ ಮಟ್ಟಗಳನ್ನು ಹೊಂದಿಸಲು ವ್ಯಯಿಸುವ ಕೆಲವು ನಿಮಿಷಗಳು ಈ ಕಾರಣದಿಂದ ಮಹತ್ವ ಪಡೆಯುತ್ತವೆ.

ಇವನ್ನೂ ನೋಡಿ

• ಮೈಕ್ರೊಫೋನ್
• ಡೆಸಿಬೆಲ್
• ಧ್ವನಿಮುದ್ರಣ
• ಉಷ್ಣಗದ್ದಲ
• ಡಿಎಸ್‌ಎಲ್‌ಆರ್ ಕ್ಯಾಮೆರಾ